ಒಂದೇ ಮಳೆಗೆ ಎರಡು ಲೆಕ್ಕ



ಮಲೆನಾಡಿನಲ್ಲಿ ಮಳೆ ಜೋರಾದ ವರ್ಷ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ನಿಮ್ಮೂರು ಉಕ್ಕಡಗಾತ್ರಿಯ ಹೆಸರು ಬಂದೇ ಬರುತ್ತದೆ. ಉಕ್ಕಡಗಾತ್ರಿ–ಫತ್ತೇಪುರ ರಸ್ತೆ ಮುಳುಗಿತು, ಸ್ನಾನಘಟ್ಟಕ್ಕೆ ನೀರು ನುಗ್ಗಿತು, ಹೊಳೆದಂಡೆಯ ಅಂಗಡಿಗಳನ್ನು ಖಾಲಿ ಮಾಡಿಸಿದರು, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಬರುವ ಭಕ್ತರು ಸುತ್ತುಹಾಕಬೇಕಾಯಿತು. ಇದೇ ಹರಿಹರ ತಾಲ್ಲೂಕಿನ ಇನ್ನೊಂದು ಸುದ್ದಿ ಮಳೆ ಕೈಕೊಟ್ಟಾಗ ಬರುತ್ತದೆ. ಭದ್ರಾ ನಾಲೆಯ ನೀರು ಕೊನೆಭಾಗಕ್ಕೆ ತಲುಪಿಲ್ಲ, ಭತ್ತ ಒಣಗುತ್ತಿದೆ, ರೈತರು ರಸ್ತೆಗೆ ಇಳಿದಿದ್ದಾರೆ. ಮೊದಲನೆಯದು ಹೊಳೆಯ ಸುದ್ದಿ, ಎರಡನೆಯದು ನಾಲೆಯ ಸುದ್ದಿ. ಆದರೆ ಎರಡರ ಬೇರೂ ಲಕ್ಕವಳ್ಳಿಗೆ ಮುಟ್ಟುತ್ತದೆ. 186 ಅಡಿ ಗರಿಷ್ಠ ಮಟ್ಟದ, 71.5 ಟಿಎಂಸಿ ಸಾಮರ್ಥ್ಯದ ಭದ್ರಾ ಜಲಾಶಯದಲ್ಲಿ ಯಾವಾಗ ಎಷ್ಟು ಹಿಡಿಯಬೇಕು, ಯಾವಾಗ ಎಷ್ಟು ಬಿಡಬೇಕು ಎಂಬ ತೀರ್ಮಾನದಲ್ಲಿದೆ. ತುಂಗೆಯ ಪಾಲೂ ಉಂಟು. ಗಾಜನೂರಿನ ಅಣೆಕಟ್ಟೆ ಚಿಕ್ಕದು, ಬಂದ ನೀರನ್ನು ಹೆಚ್ಚು ಹೊತ್ತು ತಡೆಯಲಾರದು. ಕೂಡ್ಲಿಯಲ್ಲಿ ಎರಡೂ ಹೊಳೆ ಸೇರಿ ನಿಮ್ಮ ಘಟ್ಟಕ್ಕೆ ಬರುತ್ತವೆ.

ನಾನು ಮಾತಾಡಬೇಕಾದ ವಿಷಯಕ್ಕೆ ಪುಸ್ತಕದಲ್ಲಿ ಉದ್ದನೆಯ ಹೆಸರಿದೆ: ಸಿಮ್ಯುಲೇಷನ್‌ನಲ್ಲಿ ಎರಡು ವ್ಯವಸ್ಥೆಗಳನ್ನು ಹೋಲಿಸುವಾಗ ವೇರಿಯನ್ಸ್ ತಗ್ಗಿಸುವ ವಿಧಾನಗಳು. ಹೆಸರು ಕೇಳಿ ಯಾರೂ ಎದ್ದು ಹೋಗಬೇಡಿ. ಭದ್ರಾ ಅಚ್ಚುಕಟ್ಟಿನಲ್ಲಿ ದಶಕಗಳಿಂದ ನಡೆದಿರುವ ವಾಗ್ವಾದವೇ ಈ ಶಾಸ್ತ್ರದ ಒಳ್ಳೆಯ ಉದಾಹರಣೆ. ಕಾಲುವೆಗೆ ಸತತವಾಗಿ ನೀರು ಹರಿಸುವುದು ಸರಿಯೋ, ಇಷ್ಟು ದಿನ ಆನ್, ಇಷ್ಟು ದಿನ ಆಫ್ ಎಂಬ ಸರದಿ ಸರಿಯೋ? 2023ರಂತಹ ಬರದ ವರ್ಷದಲ್ಲಿ ಈ ಪ್ರಶ್ನೆ ಬೀದಿಗೆ ಬಂತು. ಮೇಲ್ಭಾಗದವರು ಒಂದು ಹೇಳಿದರು, ಕೊನೆಭಾಗದವರು ಇನ್ನೊಂದು ಹೇಳಿದರು.

ಈ ವಾದ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ನೀವೆಲ್ಲ ಕೇಳಿದ್ದೀರಿ. “ಆ ವರ್ಷ ಸತತ ಬಿಟ್ಟರು, ಬೆಳೆ ಬಂತು. ಈ ವರ್ಷ ಆಫ್ ಮಾಡಿದರು, ಬೆಳೆ ಹೋಯಿತು.” ಎದುರಿನವರು ಇದಕ್ಕೆ ಉಲ್ಟಾ ಎರಡು ವರ್ಷ ಆರಿಸಿಕೊಂಡು ಬರುತ್ತಾರೆ. ಇಬ್ಬರೂ ಪ್ರಾಮಾಣಿಕರೇ. ಆದರೆ ಆ ವರ್ಷದ ಮಳೆ ಬೇರೆ, ಈ ವರ್ಷದ ಮಳೆ ಬೇರೆ. ಒಂದು ಜೋಡಿ ಎತ್ತನ್ನು ಎರೆ ಹೊಲಕ್ಕೆ ಹೂಡಿ, ಇನ್ನೊಂದು ಜೋಡಿಯನ್ನು ಮರಳು ಹೊಲಕ್ಕೆ ಹೂಡಿ, ಯಾವ ಜೋಡಿ ಗಟ್ಟಿ ಎಂದು ತೀರ್ಪು ಕೊಟ್ಟ ಹಾಗಾಯಿತು ಇದು. ನಾಲೆಯ ಕ್ರಮದಿಂದ ಆದ ವ್ಯತ್ಯಾಸ ಎಷ್ಟು, ಮೋಡದಿಂದ ಆದ ವ್ಯತ್ಯಾಸ ಎಷ್ಟು ಎಂದು ಬಿಡಿಸುವ ದಾರಿಯೇ ಅಲ್ಲಿಲ್ಲ.

ಈ ತೊಡಕು ನಮ್ಮದೊಂದೇ ಅಲ್ಲ. 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನರ್ಕ್‌ಶೈರ್‌ನಲ್ಲಿ ಶಾಲಾ ಮಕ್ಕಳಿಗೆ ಹಾಲು ಕೊಟ್ಟರೆ ಬೆಳವಣಿಗೆ ಹೆಚ್ಚುತ್ತದೆಯೇ ಎಂದು ದೊಡ್ಡ ಪ್ರಯೋಗ ಮಾಡಿದರು. ಮಕ್ಕಳು 20,000, ಶಾಲೆಗಳು 67, ಅವಧಿ ನಾಲ್ಕು ತಿಂಗಳು. 10,000 ಮಕ್ಕಳಿಗೆ ಹಾಲು, ಉಳಿದವರಿಗೆ ಇಲ್ಲ. ಗುಂಪುಗಳನ್ನು ಮಾಡುವಾಗ ಮೇಷ್ಟರುಗಳಿಗೆ ಅಷ್ಟಿಷ್ಟು ಅದಲುಬದಲು ಮಾಡುವ ಅವಕಾಶವಿತ್ತು. ಅವರ ಕರುಳು ಬಡ ಮಕ್ಕಳ ಕಡೆ ವಾಲಿರಬೇಕು. ಕೊನೆಗೆ ನೋಡಿದರೆ ಹಾಲು ಸಿಗದ ಗುಂಪಿನ ಮಕ್ಕಳೇ ಶುರುವಿನಲ್ಲಿ ಹೆಚ್ಚು ಎತ್ತರ, ಹೆಚ್ಚು ತೂಕ ಇದ್ದರು. ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವಿಲಿಯಂ ಗಾಸೆಟ್, ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ, 1931ರಲ್ಲಿ ಈ ಪ್ರಯೋಗವನ್ನು ವಿಮರ್ಶಿಸಿದ. 20,000 ಮಕ್ಕಳ ಬದಲು 50 ಜೊತೆ ತದ್ರೂಪಿ ಅವಳಿಗಳನ್ನು ತೆಗೆದುಕೊಂಡು, ಪ್ರತಿ ಜೊತೆಯಲ್ಲಿ ಒಬ್ಬರಿಗೆ ಹಾಲು ಕೊಟ್ಟಿದ್ದರೆ ಇದಕ್ಕಿಂತ ನಂಬಿಕೆಯ ಉತ್ತರ ಸಿಗುತ್ತಿತ್ತು ಎಂಬುದು ಅವನ ವಾದ. ಅವಳಿಗಳಿಗೆ ತಂದೆತಾಯಿ ಒಂದೇ, ಮನೆ ಒಂದೇ, ಊಟ ಒಂದೇ. ಹಾಲೊಂದೇ ಬೇರೆ. ನೂರು ಮಕ್ಕಳು ಇಪ್ಪತ್ತು ಸಾವಿರ ಮಕ್ಕಳ ಕೆಲಸ ಮಾಡಬಲ್ಲರು ಎಂಬ ಈ ಮಾತು ಉತ್ಪ್ರೇಕ್ಷೆಯಲ್ಲ, ಗಣಿತ.

ಆದರೆ ಮಳೆಗಾಲಕ್ಕೆ ಅವಳಿ ಎಲ್ಲಿಂದ ತರುವುದು? ಅದೇ ಆಷಾಢ, ಅದೇ ಶ್ರಾವಣ ಎರಡನೇ ಸಲ ಬರುವುದಿಲ್ಲ. ಇಲ್ಲಿ ಸಿಮ್ಯುಲೇಷನ್ ನೆರವಿಗೆ ಬರುತ್ತದೆ. ಜಲಾಶಯ, ನಾಲೆ, ಉಪಕಾಲುವೆ, ಗದ್ದೆ ಎಲ್ಲವನ್ನೂ ಲೆಕ್ಕದ ರೂಪದಲ್ಲಿ ಕಂಪ್ಯೂಟರಿನೊಳಗೆ ಕಟ್ಟುತ್ತೇವೆ. ಹಿಂದಿನ ಒಳಹರಿವಿನ ದಾಖಲೆಯಿಂದ ಅದರ ಸರಾಸರಿ, ಏರಿಳಿತ, ಒಂದು ತಿಂಗಳಿಗೂ ಮುಂದಿನ ತಿಂಗಳಿಗೂ ಇರುವ ನಂಟು, ಇಷ್ಟನ್ನು ಕಲಿತು, ಅದೇ ಸ್ವಭಾವದ ಹೊಸ ವರ್ಷಗಳನ್ನು ಯಾದೃಚ್ಛಿಕ ಸಂಖ್ಯೆಗಳ ಸಹಾಯದಿಂದ ಹುಟ್ಟಿಸುತ್ತೇವೆ. ಹಾರ್ವರ್ಡ್‌ನ ಥಾಮಸ್ ಮತ್ತು ಫಿಯರಿಂಗ್ 1962ರಲ್ಲಿ ಕೊಟ್ಟ ವಿಧಾನ ಇದಕ್ಕೆ ಇಂದಿಗೂ ಪಾಠದಲ್ಲಿದೆ. ನಮ್ಮಲ್ಲೂ ಈ ಕೆಲಸ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೇದುಲ ಮತ್ತು ಮುಜುಂದಾರ್ 1992ರಲ್ಲಿ ಮಲಪ್ರಭೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದೇ ಸಂಸ್ಥೆಯ ಜಂಗಾ ರೆಡ್ಡಿ ಮತ್ತು ನಾಗೇಶ್ ಕುಮಾರ್ 2006ರಲ್ಲಿ ನಮ್ಮ ಭದ್ರೆಯನ್ನೇ ತೆಗೆದುಕೊಂಡು, ನೀರಾವರಿಯ ಕೊರತೆ ತಗ್ಗಬೇಕು, ವಿದ್ಯುತ್ತೂ ಹೆಚ್ಚಬೇಕು ಎಂಬ ಎರಡು ಗುರಿಗಳ ಎಳೆದಾಟವನ್ನು ಲೆಕ್ಕಕ್ಕೆ ತಂದರು.

ಕಂಪ್ಯೂಟರಿನಲ್ಲಿ ಹುಟ್ಟಿದ ವರ್ಷಕ್ಕೆ ಒಂದು ದೊಡ್ಡ ಗುಣವಿದೆ. ಅದನ್ನು ಮತ್ತೆ ಕರೆಯಬಹುದು. ಯಾದೃಚ್ಛಿಕ ಸಂಖ್ಯೆಗಳ ಸಾಲನ್ನು ಅದೇ ಆರಂಭ ಸಂಖ್ಯೆಯಿಂದ, ಅಂದರೆ ಅದೇ ಸೀಡ್‌ನಿಂದ ಶುರು ಮಾಡಿದರೆ ಅದೇ ಸಾಲು, ಅದೇ ಮಳೆ, ಅದೇ ಒಳಹರಿವು ಮರಳಿ ಬರುತ್ತದೆ. ಹಾಗಾಗಿ ಎರಡೂ ಕ್ರಮಗಳನ್ನು ಒಂದೇ ಮಳೆಯಲ್ಲಿ ನಿಲ್ಲಿಸಿ ನೋಡಬಹುದು. ಇದನ್ನು ಸಮಾನ ಯಾದೃಚ್ಛಿಕ ಸಂಖ್ಯೆಗಳ ವಿಧಾನ ಎನ್ನುತ್ತಾರೆ, ನಾವು ಸಮಾನ ಮಳೆಯ ವಿಧಾನ ಎನ್ನೋಣ. ಗಾಸೆಟ್ ಕೇಳಿದ ಅವಳಿಗಳು ಇಲ್ಲಿ ಬೇಕಾದಷ್ಟು ಸಿಗುತ್ತವೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ವಿವರಣೆಗಾಗಿ ನಾನು ಕಟ್ಟಿದವು, ಭದ್ರೆಯ ದಾಖಲೆಯಲ್ಲ. ದಯವಿಟ್ಟು ಯಾರ ಪರವಾಗಿಯೂ ಇವನ್ನು ಬಳಸಬೇಡಿ. ನಾಲೆಯ ಕೊನೆಯ ತೂಬಿನಲ್ಲಿ ಒಂದು ಹಂಗಾಮಿನಲ್ಲಿ ಎಷ್ಟು ದಿನ ನೀರು ಸಾಲದೆ ಹೋಯಿತು ಎಂಬುದು ನಮ್ಮ ಅಳತೆ. ಐದು ವರ್ಷ ಹುಟ್ಟಿಸಿದೆವು. ಒಂದನೇ ಕ್ರಮದಲ್ಲಿ ಕೊರತೆಯ ದಿನಗಳು 12, 40, 5, 28, 20. ಸರಾಸರಿ 21. ಅದೇ ಐದು ವರ್ಷಗಳನ್ನು ಎರಡನೇ ಕ್ರಮಕ್ಕೆ ಕೊಟ್ಟಾಗ 9, 35, 3, 24, 14. ಸರಾಸರಿ 17. ನಾಲ್ಕು ದಿನಗಳ ವ್ಯತ್ಯಾಸ.

ಈ ನಾಲ್ಕು ದಿನವನ್ನು ನಂಬಬಹುದೇ? ಎರಡು ಸಾಲುಗಳು ಬೇರೆ ಬೇರೆ ಮಳೆಯಿಂದ ಬಂದಿದ್ದರೆ ನಂಬುವಂತಿಲ್ಲ. ಮೊದಲ ಸಾಲಿನ ವೇರಿಯನ್ಸ್, ಅಂದರೆ ಸರಾಸರಿಯ ಸುತ್ತಲಿನ ಏರಿಳಿತದ ಅಳತೆ, 187, ಎರಡನೆಯದು 160.5. ಕೂಡಿಸಿ ಐದರಿಂದ ಭಾಗಿಸಿದರೆ 69.5, ಅದರ ವರ್ಗಮೂಲ ಸುಮಾರು 8.3. ನಾಲ್ಕು ದಿನದ ವ್ಯತ್ಯಾಸಕ್ಕೆ ಎಂಟು ದಿನಕ್ಕೂ ಮೀರಿದ ಪ್ರಮಾಣಿತ ದೋಷ! ಹೀಗೆ ಬಂದ ಉತ್ತರ ಯಾವ ಸಭೆಯಲ್ಲೂ ನಿಲ್ಲುವುದಿಲ್ಲ, ನಿಲ್ಲಬಾರದು. ಮಳೆ ಒಂದೇ ಆಗಿದ್ದಾಗ ಕಥೆ ಬೇರೆ. ವರ್ಷಕ್ಕೆ ವರ್ಷ ಕಳೆಯಿರಿ: 3, 5, 2, 4, 6. ಸರಾಸರಿ ಅದೇ ನಾಲ್ಕು. ಆದರೆ ಈ ಸಾಲಿನ ವೇರಿಯನ್ಸ್ ಬರೀ 2.5, ಪ್ರಮಾಣಿತ ದೋಷ ಸುಮಾರು 0.7. ಐದು ವರ್ಷಗಳಲ್ಲೂ ಎರಡನೇ ಕ್ರಮವೇ ಮೇಲು. 40 ದಿನ ಕೊರತೆ ಬಂದ ವರ್ಷ ಭಾರೀ ಕೆಟ್ಟ ವರ್ಷ, ಅದು ಎರಡೂ ಕ್ರಮಗಳನ್ನು ಹೊಡೆಯಿತು. ಕಳೆದಾಗ ಆ ಕೆಟ್ಟತನವೂ ಬಹುಪಾಲು ಕಳೆದುಹೋಯಿತು.

ಸೂತ್ರ ಬೇಕಾದವರಿಗೆ: ವ್ಯತ್ಯಾಸದ ವೇರಿಯನ್ಸ್ ಎಂದರೆ ಎರಡರ ವೇರಿಯನ್ಸ್‌ಗಳ ಮೊತ್ತದಿಂದ ಅವುಗಳ ಕೋವೇರಿಯನ್ಸ್‌ನ ಎರಡರಷ್ಟನ್ನು ಕಳೆದದ್ದು. ಒಂದೇ ಮಳೆ ಎರಡೂ ಕ್ರಮಗಳನ್ನು ಒಂದೇ ದಿಕ್ಕಿಗೆ ತಳ್ಳಿದಷ್ಟೂ ಕೋವೇರಿಯನ್ಸ್ ದೊಡ್ಡದು, ಕಳೆಯುವುದು ಹೆಚ್ಚು. ನಮ್ಮ ಉದಾಹರಣೆಯಲ್ಲಿ ಬೇರೆ ಬೇರೆ ಮಳೆಯಿಂದ ಇದೇ ನಿಖರತೆ ಬರಬೇಕಾದರೆ ಪ್ರತಿ ಕ್ರಮಕ್ಕೂ ಐದರ ಬದಲು 695 ವರ್ಷ ಓಡಿಸಬೇಕು.

695 ವರ್ಷ ಓಡಿಸಲು ಇಂದಿನ ಕಂಪ್ಯೂಟರಿಗೆ ಏನು ಕಷ್ಟ ಎಂದು ಇಲ್ಲಿ ಕುಳಿತಿರುವ ಕಾಲೇಜು ಹುಡುಗರು ಕೇಳಬಹುದು. ಬರೀ ಜಲಾಶಯವಾದರೆ ಕಷ್ಟವಿಲ್ಲ. ಆದರೆ ಬಲದಂಡೆ ನಾಲೆಯಿಂದ ಮಲೇಬೆನ್ನೂರು, ಹರಿಹರದ ಕೊನೆಯ ಉಪಕಾಲುವೆವರೆಗೆ ತೂಬು ತೂಬಿನ ನೀರನ್ನು ದಿನದಿನವೂ ಲೆಕ್ಕಕ್ಕೆ ಹಿಡಿದು, ಅಂತಹ ಹತ್ತಾರು ಕ್ರಮಗಳನ್ನು ಹೋಲಿಸಲು ಹೊರಟರೆ ಹೊರೆ ಬೇಗ ಬೆಳೆಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಬ್ಬ ರೈತನ ಬದುಕಿನಲ್ಲಿ ಮೂವತ್ತು ನಲವತ್ತು ಮುಂಗಾರು ಹಂಗಾಮು ಬರುತ್ತವೆ, ಅಷ್ಟೇ. ಹೊಲದಲ್ಲಿ ಕಲಿಯುವವನಿಗೆ 695 ವರ್ಷ ಎಂದೂ ಸಿಗುವುದಿಲ್ಲ. ಹೋಲಿಕೆಯನ್ನು ಸರಿಯಾಗಿ ಕಟ್ಟುವುದು ಅವನಿಗೆ ಉಳಿದಿರುವ ಒಂದೇ ದಾರಿ.

ಈ ವಿಧಾನ ಮಾಡಲು ಸುಲಭ ಎನಿಸುತ್ತದೆ, ಕೆಡಿಸಲು ಇನ್ನೂ ಸುಲಭ. ಕಂಪ್ಯೂಟರು ಸಂಖ್ಯೆಗಳನ್ನು ಸಾಲಾಗಿ ಕೊಡುತ್ತದೆ. ಒಂದನೇ ಕ್ರಮದಲ್ಲಿ ಆರನೆಯ ಸಂಖ್ಯೆ ಜುಲೈ ಒಳಹರಿವಿಗೆ ಹೋಯಿತು ಎನ್ನಿ. ಎರಡನೇ ಕ್ರಮದಲ್ಲಿ ನಡುವೆ ಒಂದು ಆಫ್ ದಿನ ಬಂತು, ನಾಲೆ ಒಡೆಯುವ ಪ್ರಶ್ನೆಯೇ ಆ ದಿನ ಏಳಲಿಲ್ಲ, ಅದಕ್ಕೆಂದು ಇಟ್ಟ ಸಂಖ್ಯೆ ಖರ್ಚಾಗಲಿಲ್ಲ. ಆಗ ಅಲ್ಲಿಂದ ಮುಂದೆ ಪ್ರತಿ ಸಂಖ್ಯೆಯೂ ಒಂದೊಂದು ಮನೆ ಜಾರುತ್ತದೆ. ಜುಲೈಗೆ ಸಿಗಬೇಕಾದ ಅದೃಷ್ಟ ನಾಲೆಗೆ, ನಾಲೆಯದು ಆಗಸ್ಟಿಗೆ. ಸೀಡ್ ಒಂದೇ ಇದೆ, ಆದ್ದರಿಂದ ಮಳೆ ಒಂದೇ ಎಂದು ನಾವು ಭ್ರಮಿಸುತ್ತೇವೆ. ವಾಸ್ತವದಲ್ಲಿ ಎರಡೂ ಬೇರೆಯೇ ಆಗಿರುತ್ತವೆ. ಅದಕ್ಕೆ ಪ್ರತಿಯೊಂದು ಅನಿಶ್ಚಿತತೆಗೂ ಅದರದೇ ಸಾಲು ಇರಬೇಕು. ಭದ್ರೆಯ ಒಳಹರಿವಿಗೆ ಒಂದು, ಅಚ್ಚುಕಟ್ಟಿನ ಮೇಲೆ ಬೀಳುವ ಮಳೆಗೆ ಒಂದು, ನಾಲೆ ಒಡೆಯುವುದಕ್ಕೆ ಇನ್ನೊಂದು. ಹೊಸ ವರ್ಷ ಶುರುವಾದಾಗ ಎಲ್ಲ ಸಾಲುಗಳನ್ನೂ ಗೊತ್ತುಪಡಿಸಿದ ಜಾಗದಿಂದ ಮತ್ತೆ ಹಿಡಿಯಬೇಕು. ಈ ಒಂದು ಶಿಸ್ತಿಗೆ ವಿದ್ಯಾರ್ಥಿಗಳು ಹೆಚ್ಚು ಸಮಯ ಕೊಡಬೇಕೆಂದು ನನ್ನ ಆಗ್ರಹ.

ಇನ್ನು ನಿಮ್ಮೂರಿನ ವಿಷಯಕ್ಕೆ ನೇರವಾಗಿ ಬರುತ್ತೇನೆ. ಸಮಾನ ಮಳೆಯ ವಿಧಾನ ಯಾವಾಗಲೂ ಗೆಲ್ಲುತ್ತದೆ ಎಂದು ಕೆಲವು ಪುಸ್ತಕಗಳನ್ನು ಓದಿದರೆ ಅನಿಸುತ್ತದೆ. ಗೆಲ್ಲುವುದಿಲ್ಲ. ಎರಡು ಕ್ರಮಗಳನ್ನು ಊಹಿಸಿ. ಒಂದು, ಜಲಾಶಯವನ್ನು ಬೇಗ ತುಂಬಿಸಿ ಇಡುವುದು, ಬೇಸಿಗೆ ಬೆಳೆಗೆ ಭರವಸೆ. ಇನ್ನೊಂದು, ದೊಡ್ಡ ಮಳೆಗೆಂದು ಮೇಲೆ ಒಂದಷ್ಟು ಅಡಿ ಖಾಲಿ ಬಿಡುವುದು, ಹೊಳೆದಂಡೆಯ ಊರುಗಳಿಗೆ ರಕ್ಷಣೆ. ಪ್ರವಾಹದ ನಷ್ಟ, ಬರದ ನಷ್ಟ ಎರಡನ್ನೂ ರೂಪಾಯಿಗೆ ತಿರುಗಿಸಿ ಕೂಡಿ ಒಂದೇ ಮೊತ್ತ ಮಾಡಿದೆವು ಎನ್ನಿ. ಮಳೆ ಜೋರಾದ ವರ್ಷ ಮೊದಲ ಕ್ರಮಕ್ಕೆ ಹೆಚ್ಚು ನಷ್ಟ, ಎರಡನೆಯದಕ್ಕೆ ಕಡಿಮೆ. ಮಳೆ ಹೋದ ವರ್ಷ ತದ್ವಿರುದ್ಧ. ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಕೋವೇರಿಯನ್ಸ್ ಋಣವಾಗುತ್ತದೆ. ಸೂತ್ರದಲ್ಲಿ ಋಣವನ್ನು ಕಳೆದರೆ ಕೂಡಿದಂತಾಯಿತು. ಒಂದೇ ಮಳೆ ಕೊಟ್ಟದ್ದರಿಂದ ಅನಿಶ್ಚಿತತೆ ತಗ್ಗುವ ಬದಲು ಹೆಚ್ಚುತ್ತದೆ.

ಪರಿಹಾರ ಸರಳವಾಗಿದೆ, ಮತ್ತು ನನಗೆ ಅದು ಬರೀ ಗಣಿತದ ಪರಿಹಾರವಾಗಿ ಕಾಣುವುದಿಲ್ಲ. ಎರಡು ನಷ್ಟಗಳನ್ನು ಕೂಡಬೇಡಿ. ಫತ್ತೇಪುರದ ರಸ್ತೆ ಎಷ್ಟು ದಿನ ಮುಳುಗಿತು ಎಂಬುದನ್ನು ಒಂದು ಅಳತೆಯಾಗಿ ಇಡಿ. ಕೊನೆಯ ತೂಬಿನಲ್ಲಿ ಎಷ್ಟು ದಿನ ನೀರು ಸಾಲದಾಯಿತು ಎಂಬುದನ್ನು ಇನ್ನೊಂದಾಗಿ ಇಡಿ. ಮಳೆ ಹೆಚ್ಚಿದರೆ ಎರಡೂ ಕ್ರಮಗಳಲ್ಲಿ ಮುಳುಗಡೆಯ ದಿನಗಳು ಏರುತ್ತವೆ, ಕೊರತೆಯ ದಿನಗಳು ಇಳಿಯುತ್ತವೆ. ಪ್ರತಿ ಅಳತೆಯಲ್ಲೂ ಎರಡು ಕ್ರಮಗಳು ಜೊತೆಯಾಗಿ ಚಲಿಸುತ್ತವೆ, ಸಮಾನ ಮಳೆಯ ವಿಧಾನ ಮತ್ತೆ ಕೆಲಸ ಮಾಡುತ್ತದೆ. ಜೊತೆಗೆ, ಯಾರ ಸಂಕಟ ಯಾರ ಲಾಭದ ಕೆಳಗೆ ಮುಚ್ಚಿಹೋಯಿತು ಎಂಬುದೂ ಬಯಲಾಗುತ್ತದೆ. ಅಮಾವಾಸ್ಯೆಗೆ ಅಜ್ಜಯ್ಯನ ಗದ್ದುಗೆಗೆ ಬಂದು ಹೊಳೆಯಾಚೆ ಸಿಕ್ಕಿಬಿದ್ದ ಹೆಂಗಸಿನ ಕಷ್ಟವನ್ನೂ ಹೊಡೆ ಬಿಚ್ಚುವ ಹೊತ್ತಿಗೆ ಬಿರುಕು ಬಿಟ್ಟ ಗದ್ದೆಯನ್ನೂ ಒಂದೇ ರೂಪಾಯಿ ಮೊತ್ತದಲ್ಲಿ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ.

ಉಳಿದ ವಿಧಾನಗಳಲ್ಲಿ ಒಂದನ್ನು ಮಾತ್ರ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅದರ ಮೂಲಪುರುಷ ಇದೇ ಹೊಳೆಯ ಕೆಳಗಿನ ಸೀಮೆಯವರು. ತುಂಗಭದ್ರೆ ಹರಿಹರ ದಾಟಿ, ಹರಪನಹಳ್ಳಿಯ ಅಂಚು ಹಾದು, ಹೂವಿನಹಡಗಲಿ ತಾಲ್ಲೂಕಿನ ಬದಿಗೆ ಹೋಗುತ್ತದೆ. ಆ ಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಸಿ.ಆರ್. ರಾವ್ ಹುಟ್ಟಿದರು. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಮನೆಮಾತು ತೆಲುಗು, ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. ಎಂಟನೆಯ ಮಗುವಾದ್ದರಿಂದ ಕೃಷ್ಣನ ಹೆಸರು ಸೇರಿ ರಾಧಾಕೃಷ್ಣ. ಓದು ಆಂಧ್ರದಲ್ಲಿ, ಆಮೇಲೆ ಕಲ್ಕತ್ತೆಯಲ್ಲಿ, ಕೇಂಬ್ರಿಜ್‌ನಲ್ಲಿ. 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಬಂದ ಅವರ ಒಂದೇ ಪ್ರಬಂಧದಲ್ಲಿ, ಇಂದು ಜಗತ್ತಿನ ಎಲ್ಲ ಕಡೆ ಪಾಠವಾಗಿರುವ ಹಲವು ಫಲಿತಾಂಶಗಳಿದ್ದವು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಅದರಲ್ಲಿ ಒಂದನ್ನು ಅಮೆರಿಕದ ಡೇವಿಡ್ ಬ್ಲ್ಯಾಕ್‌ವೆಲ್ 1947ರಲ್ಲಿ ತಾವಾಗಿ ಕಂಡುಕೊಂಡರು. ಆದ್ದರಿಂದ ಅದು ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ. ರಾವ್ ಅವರಿಗೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು.

ಪ್ರಮೇಯದ ತಿರುಳು ಇಷ್ಟು. ಲೆಕ್ಕದ ಒಂದು ಭಾಗ ನಿಮಗೆ ಖಚಿತವಾಗಿ ಗೊತ್ತಿದ್ದರೆ ಅದನ್ನು ಅದೃಷ್ಟಕ್ಕೆ ಬಿಡಬೇಡಿ. ಹೊಳೆಯಲ್ಲಿ ಒಂದು ಮಟ್ಟದ ನೀರು ಬಂದಾಗ, ಸ್ಥಳೀಯ ಹಳ್ಳಗಳ ನೀರೂ ಕೂಡಿ ರಸ್ತೆ ಮುಳುಗುವ ಸಾಧ್ಯತೆ 0.3 ಎಂದು ಮಾದರಿಯೇ ಹೇಳುತ್ತದೆ ಎನ್ನೋಣ. ಸಿಮ್ಯುಲೇಷನ್‌ನಲ್ಲಿ ಹತ್ತರಲ್ಲಿ ಮೂರು ಬಾರಿ ಬೀಳುವ ಚೀಟಿ ಎತ್ತಿ, ಮುಳುಗಿದರೆ 1, ಇಲ್ಲವಾದರೆ 0 ಎಂದು ಬರೆಯುವುದು ಒಂದು ರೀತಿ. ಆ ಚೀಟಿಯೇ 0.21ರಷ್ಟು ವೇರಿಯನ್ಸ್ ತರುತ್ತದೆ. ಚೀಟಿ ಎತ್ತದೆ 0.3 ಎಂದೇ ಬರೆಯುವುದು ಇನ್ನೊಂದು ರೀತಿ. ಸರಾಸರಿ ಎರಡರಲ್ಲೂ ಅದೇ, ಚೀಟಿಯ ಏರಿಳಿತ ಪೂರ್ತಿ ಹೋಯಿತು. ಉಳಿಯುವುದು ಹೊಳೆಯ ಏರಿಳಿತ ಮಾತ್ರ. ಸ್ವತಂತ್ರವಾಗಿ ಎತ್ತಿದ ಮಾದರಿಗಳಲ್ಲಿ ಈ ವಿಧಾನ ವೇರಿಯನ್ಸ್ ಅನ್ನು ಎಂದೂ ಹೆಚ್ಚಿಸುವುದಿಲ್ಲ. ಸಮಾನ ಮಳೆಯ ವಿಧಾನಕ್ಕೆ ಈ ಖಾತರಿಯಿಲ್ಲ. 1990ರಲ್ಲಿ ಗೆಲ್ಫಾಂಡ್ ಮತ್ತು ಸ್ಮಿತ್ ರಾವ್ ಅವರ ಪ್ರಮೇಯವನ್ನು ಕಂಪ್ಯೂಟರಿನಲ್ಲಿ ಮಾದರಿ ಎತ್ತುವ ಹೊಸ ಲೆಕ್ಕಗಳಿಗೆ ಅನ್ವಯಿಸಿದ ಮೇಲೆ, ಸಿಮ್ಯುಲೇಷನ್ ಮಾಡುವವರೆಲ್ಲ ಹಡಗಲಿಯಲ್ಲಿ ಹುಟ್ಟಿದವರ ಹೆಸರನ್ನು ಕ್ರಿಯಾಪದದ ಹಾಗೆ ಬಳಸತೊಡಗಿದರು. ಈ ತಾಲ್ಲೂಕುಗಳ ಮಕ್ಕಳಿಗೆ ಇದು ಶಾಲೆಯಲ್ಲೇ ಗೊತ್ತಿರಬೇಕಿತ್ತು.

ಮಿಕ್ಕವನ್ನು ಬೇಗ ಮುಗಿಸುತ್ತೇನೆ. ಹ್ಯಾಮರ್ಸ್‌ಲಿ ಮತ್ತು ಮಾರ್ಟನ್ 1956ರಲ್ಲಿ ಕೊಟ್ಟ ವಿಧಾನದಲ್ಲಿ ಪ್ರತಿ ಹಸಿ ವರ್ಷಕ್ಕೆ ಅದರ ಎದುರುಬದಿರಾದ ಒಣ ವರ್ಷವನ್ನು ಜೊತೆ ಮಾಡುತ್ತಾರೆ, ಸರಾಸರಿ ಬೇಗ ನಿಲ್ಲುತ್ತದೆ. ಹುಟ್ಟಿಸಿದ ವರ್ಷಗಳ ಒಳಹರಿವು ದೀರ್ಘ ಸರಾಸರಿಗಿಂತ ಹೆಚ್ಚು ಬಿದ್ದಿದ್ದರೆ ಅದಕ್ಕೆ ತಕ್ಕಂತೆ ಉತ್ತರವನ್ನು ತಿದ್ದುವುದು ನಿಯಂತ್ರಣ ಚರದ ವಿಧಾನ. ಒಳಹರಿವಿಗೂ ಉತ್ತರಕ್ಕೂ 0.9ರ ಸಹಸಂಬಂಧವಿದ್ದರೆ ವೇರಿಯನ್ಸ್‌ನಲ್ಲಿ ನೂರಕ್ಕೆ 19 ಪಾಲು ಮಾತ್ರ ಉಳಿಯುತ್ತದೆ. ಬಲು ಅಪರೂಪದ ಮಹಾಪೂರದ ಪ್ರಶ್ನೆಯಾದರೆ, ಅಂತಹ ಪೂರಗಳನ್ನೇ ಬೇಕೆಂದು ಹೆಚ್ಚು ಹುಟ್ಟಿಸಿ, ಆಮೇಲೆ ಅವುಗಳ ತೂಕ ತಗ್ಗಿಸಿ ಲೆಕ್ಕ ಸರಿಮಾಡಬಹುದು. ದಪ್ಪ ಗೋಡೆ ದಾಟಿ ಹೋಗುವ ಅಪರೂಪದ ನ್ಯೂಟ್ರಾನ್‌ಗಳನ್ನು ಲೆಕ್ಕ ಹಾಕಲು ಬೆಳೆದ ಉಪಾಯ ಅದು. 1953ರಲ್ಲಿ ಕಾನ್ ಮತ್ತು ಮಾರ್ಷಲ್ ಇಂತಹ ಉಪಾಯಗಳನ್ನು ಒಂದೆಡೆ ಬರೆದಿಟ್ಟರು. ನಾಲ್ಕು ಕ್ರಮಗಳನ್ನು ಹೋಲಿಸಬೇಕಾದರೆ ಆರು ಜೋಡಿಗಳಾಗುತ್ತವೆ, ಆಗ ಯಾವುದಾದರೂ ಒಂದು ಜೋಡಿಯಲ್ಲಿ ಸುಮ್ಮನೆ ವ್ಯತ್ಯಾಸ ಕಾಣುವ ಅಪಾಯ ಹೆಚ್ಚು, ತೀರ್ಪಿನ ಗೆರೆಯನ್ನು ಬಿಗಿ ಮಾಡಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಿತಿಯನ್ನು ಒತ್ತಿ ಹೇಳದಿದ್ದರೆ ಈ ದತ್ತಿ ಉಪನ್ಯಾಸಕ್ಕೆ ನ್ಯಾಯವಾಗದು. ಈ ವಿಧಾನಗಳೆಲ್ಲ ಅದೃಷ್ಟದ ಗದ್ದಲವನ್ನು ತಗ್ಗಿಸುತ್ತವೆ. ಮಾದರಿಯಲ್ಲೇ ಇರುವ ಸುಳ್ಳನ್ನು ತಗ್ಗಿಸುವುದಿಲ್ಲ. ನಾಲೆಯ ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್‌ಗಳು ಎಳೆಯುವ ನೀರು ಲೆಕ್ಕದಲ್ಲಿಲ್ಲದಿದ್ದರೆ, ತೂಬು ತಿರುಗಿಸುವ ಸೌಡಿಗಳ ಕೊರತೆ ಲೆಕ್ಕದಲ್ಲಿಲ್ಲದಿದ್ದರೆ, ಹೂಳು ತುಂಬಿದ ಉಪಕಾಲುವೆ ಇನ್ನೂ ವಿನ್ಯಾಸದ ಅಗಲದಲ್ಲೇ ಇದೆ ಎಂದುಕೊಂಡಿದ್ದರೆ, 0.7 ದಿನದ ಪ್ರಮಾಣಿತ ದೋಷ ತಪ್ಪು ಉತ್ತರವನ್ನೇ ಗಟ್ಟಿಯಾಗಿ ಹೇಳುತ್ತದೆ. ಅಂಕಿ ನಿಖರವಾಗಿದ್ದಷ್ಟೂ ಜನ ಅದನ್ನು ನಂಬುತ್ತಾರೆ, ಅಪಾಯವೂ ಅಷ್ಟೇ ದೊಡ್ಡದು.

ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಯಲ್ಲಿ ದಿನವೂ ಅಚ್ಚಾಗುತ್ತದೆ. ಕೊನೆಯ ತೂಬಿನ ದಾಖಲೆ ಹಾಗೆ ಎಲ್ಲರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಈ ಸಭೆಯಲ್ಲಿರುವ ಶಾಲಾ ಶಿಕ್ಷಕರಿಗೆ, ನೀರು ಬಳಕೆದಾರರ ಸಂಘದವರಿಗೆ ನನ್ನ ಕೋರಿಕೆ ಇದು. ಒಂದು ನೋಟ್‌ಬುಕ್ ಇಡಿ. ನಾಲೆಗೆ ನೀರು ಬಿಟ್ಟ ತಾರೀಖು, ನಿಮ್ಮ ತೂಬಿಗೆ ನೀರು ಮುಟ್ಟಿದ ತಾರೀಖು ಮತ್ತು ಗಂಟೆ, ತೂಬಿನ ಬಾಯಲ್ಲಿ ನಿಂತ ನೀರಿನ ಎತ್ತರ ಸೆಂಟಿಮೀಟರಿನಲ್ಲಿ, ಆಫ್ ಆದ ಮೇಲೆ ಎಷ್ಟು ಗಂಟೆ ಹರಿಯಿತು, ಆ ದಿನ ಊರಿನಲ್ಲಿ ಬಿದ್ದ ಮಳೆ. ಹೊಳೆಯ ಕಡೆಯವರು ಫತ್ತೇಪುರದ ರಸ್ತೆಯ ಬದಿಯಲ್ಲಿ ಅಳತೆಯ ಕಂಬವೊಂದನ್ನು ನಿಲ್ಲಿಸಿ, ನೀರು ಏರಿದ ಹೊತ್ತು, ಇಳಿದ ಹೊತ್ತು ಬರೆದಿಡಿ. ಖಾಲಿ ಹೋದ ದಿನಗಳನ್ನೂ ಖಾಲಿ ಎಂದೇ ಬರೆಯಿರಿ, ಬಿಟ್ಟುಬಿಡಬೇಡಿ. ಹತ್ತು ಹಂಗಾಮಿನ ಇಂತಹ ದಾಖಲೆ ಕೈಗೆ ಬಂದರೆ, ದಾವಣಗೆರೆಯ ಯಾವುದೇ ಕಾಲೇಜಿನ ವಿದ್ಯಾರ್ಥಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಸಭೆಗೆ ಮುಂಚೆ ಎರಡು ಕ್ರಮಗಳನ್ನೂ ಒಂದೇ ಮಳೆಯಲ್ಲಿ ಓಡಿಸಿ, ವರ್ಷಕ್ಕೆ ವರ್ಷ ಕಳೆದ ಸಾಲನ್ನು ಸಭೆಯ ಮೇಜಿನ ಮೇಲೆ ಇಡಬಲ್ಲ.